ಎಳೆಯುವುದು ಬೇರೆ, ನಿಲ್ಲಿಸುವುದು ಬೇರೆ

ಇಳಿಜಾರಿನ ಬುಡದಲ್ಲಿ ಪಿಕಪ್ ಬಂದು ನಿಂತು ಎಷ್ಟೋ ಹೊತ್ತಾದರೂ ಡ್ರೈವರ್ ಕೆಳಗಿಳಿಯಲಿಲ್ಲ. ಎಂಜಿನ್ ಆರಿತ್ತು. ಚಕ್ರಗಳ ಒಳಗಿನಿಂದ ತೆಳ್ಳಗೆ ಹೊಗೆ ಏಳುತ್ತಿತ್ತು, ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅವನ ಎರಡು ಕೈಗಳು ಮಾತ್ರ ಇನ್ನೂ ಸ್ಟಿಯರಿಂಗ್ ಬಿಟ್ಟಿರಲಿಲ್ಲ.

ಕಲ್ಲು ಇಳಿಸುವ ಹೆಂಗಸರ ಜೊತೆ ಮುಂಚೆಯೇ ಬೇರೆ ಗಾಡಿಯಲ್ಲಿ ಬಂದಿದ್ದ ಅವನ ಹೆಂಡತಿ ರಸ್ತೆ ಬದಿಯಲ್ಲಿ ಕಾಯುತ್ತಿದ್ದಳು. ಪಿಕಪ್ ಮೇಲಿನ ತಿರುವು ದಾಟಿದಾಗಿನಿಂದಲೂ ಅವಳು ಅದನ್ನೇ ನೋಡುತ್ತಿದ್ದಳು. ಪಿಕಪ್ಪೇನೋ ನೆಟ್ಟಗೇ ಬರುತ್ತಿತ್ತು. ಅದರ ಬೆನ್ನಿಗೆ ಕೊಂಡಿ ಹಾಕಿದ್ದ ಟ್ರೈಲರ್, ಹೊಟ್ಟೆ ತುಂಬ ಚಪ್ಪಡಿ ಕಲ್ಲು ತುಂಬಿಕೊಂಡು, ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಬಾಲ ಬೀಸುತ್ತಿತ್ತು. ಎದುರಿಗೆ ಬರುತ್ತಿದ್ದ ಸೈಕಲ್‌ನವನು ಸೈಕಲ್ಲನ್ನು ಅಲ್ಲೇ ಬಿಸಾಕಿ ಚರಂಡಿಗೆ ಹಾರಿದ್ದ.

ಅವಳು ಓಡಿ ಬಂದು ಬಾಗಿಲು ತೆಗೆದಳು. "ರೀ, ಏನಾಯ್ತು?"

"ಗಾಳಿ," ಎಂದ ಗಂಡ.

"ಎಲ್ಲಿಯ ಗಾಳಿ ಅಣ್ಣ?" ಹಿಂದೆ ನಿಂತಿದ್ದ ಹೆಂಗಸೊಬ್ಬಳು ಬಾಯಿ ಹಾಕಿದಳು. "ಆ ಮನೆ ಮುಂದೆ ಒಣಗೋಕೆ ಹಾಕಿರೋ ಬಟ್ಟೆ ಕೂಡ ಅಲ್ಲಾಡ್ತಿಲ್ಲ."

"ಏ, ಸುಮ್ನಿರೇ ನೀನು. ಗಾಡಿ ಓಡಿಸಿದವಳ ಹಾಗೆ ಮಾತಾಡ್ಬೇಡ. ಮೇಲೆ ತಿರುವಲ್ಲಿ ಗಾಳಿ ಇರುತ್ತೆ," ಎಂದು ಇವಳು ಗದರಿಸಿದಳು. ಗದರಿಸಿದ್ದೇನೋ ನಿಜ, ಕಣ್ಣು ಮಾತ್ರ ಅಲ್ಲಾಡದ ಆ ಬಟ್ಟೆಯತ್ತಲೇ ಹೋಯಿತು.

ಕಲ್ಲು ಕೊಯ್ಯುವ ಯಾರ್ಡಿನಲ್ಲಿ ಅವಳನ್ನು ಎಲ್ಲರೂ ತಕ್ಕಡಿಯಕ್ಕ ಎನ್ನುತ್ತಿದ್ದರು. ಲೋಡು ಹೇರುವ ಹೆಂಗಸರಿಗೆ ಅವಳೇ ಹಿರಿಯಳು. ಯಾವ ಚಪ್ಪಡಿ ಮೊದಲು, ಯಾವುದು ಎಲ್ಲಿ, ಎಲ್ಲಿ ಹಗ್ಗ, ಎಲ್ಲಿ ಮರದ ತುಂಡು, ಎಲ್ಲ ಅವಳ ಮಾತು. ಅವಳು ಹೇರಿ ಮುಗಿಸಿದ ಮೇಲೆ ಪಿಕಪ್ಪಿನ ಹಿಂಭಾಗ ಒಂದು ಬೆರಳಷ್ಟೂ ಕುಸಿದಿರುತ್ತಿರಲಿಲ್ಲ. ಉಳಿದವರ ಗಾಡಿಗಳು ಲೋಡು ಬಿದ್ದ ಕೂಡಲೇ ಕುಕ್ಕರಗಾಲಿನಲ್ಲಿ ಕೂತಂತೆ ಕಾಣುತ್ತಿದ್ದವು. ಇವಳ ಗಂಡನ ಗಾಡಿ ಮಾತ್ರ ನೆಟ್ಟಗೆ ನಿಂತಿರುತ್ತಿತ್ತು.

ಆ ಗಾಡಿಯ ಹೆಸರು ಅಜ್ಜಿ. ಹಳೆಯ ಡೀಸೆಲ್ ಪಿಕಪ್. ಬೆಳಿಗ್ಗೆ ಕೀ ತಿರುಗಿಸಿದರೆ ಗಂಟಲು ಸರಿಮಾಡಿಕೊಂಡು, ಕೆಮ್ಮಿ, ಒಂದು ಬುಟ್ಟಿ ಕಪ್ಪು ಹೊಗೆ ಉಗುಳಿ ಏಳುತ್ತಿತ್ತು. ಎದ್ದ ಮೇಲೆ ಯಾವ ಏರಾದರೂ ಹಲ್ಲು ಕಚ್ಚಿ ಎಳೆಯುತ್ತಿತ್ತು. ಅದರ ಹಿಂಬದಿಯ ಪಟ್ಟಿ ಸ್ಪ್ರಿಂಗುಗಳು ಸವೆದು ದಣಿದಿದ್ದವು. ಅದಕ್ಕೇ ತಕ್ಕಡಿಯಕ್ಕ ಒಂದು ಉಪಾಯ ಕಂಡುಕೊಂಡಿದ್ದಳು. ದಪ್ಪ ಚಪ್ಪಡಿಗಳನ್ನೆಲ್ಲ ಟ್ರೈಲರಿನ ಬಾಲಕ್ಕೆ, ಚಕ್ರದ ಹಿಂದಕ್ಕೆ ಹೇರಿಸುವುದು, ತೆಳ್ಳನೆಯವನ್ನು ಮುಂದಕ್ಕೆ. ಹಾಗೆ ಮಾಡಿದರೆ ಕೊಂಡಿಯ ಮೇಲೆ ಭಾರ ಬೀಳುತ್ತಿರಲಿಲ್ಲ, ಅಜ್ಜಿಯ ಸೊಂಟ ಬಗ್ಗುತ್ತಿರಲಿಲ್ಲ. ಇಳಿಸುವ ಕಡೆ ದಪ್ಪ ಕಲ್ಲು ಮೊದಲು ಕೈಗೆ ಸಿಗುತ್ತಿತ್ತು, ಅದೂ ಅನುಕೂಲ. ಯಾರ್ಡಿನವರಿಗಂತೂ ಸಂತೋಷವೋ ಸಂತೋಷ. ಗಾಡಿ ನೆಟ್ಟಗೆ ಕಾಣುತ್ತಿತ್ತಲ್ಲ, "ಇನ್ನೂ ನಾಲ್ಕು ಹಾಕಿ" ಎನ್ನಲು ಅವರಿಗೆ ಬೇರೆ ನೆಪ ಬೇಕಿರಲಿಲ್ಲ.

ಆ ಸಂಜೆ ಕಲ್ಲು ಇಳಿಸಿ ಮುಗಿಯುವ ಹೊತ್ತಿಗೆ ಯಾರ್ಡಿನ ಸೂಪರ್‌ವೈಸರ್ ಫೋನ್ ಮಾಡಿದ. ನಾಳೆ ದೊಡ್ಡ ಕಟ್ಟಡದ ಮೆಟ್ಟಿಲ ಕಲ್ಲು ಹೋಗಬೇಕು. ಪೂರ್ತಿ ಒಂದೇ ಟ್ರಿಪ್ಪು. ಮಧ್ಯಾಹ್ನದೊಳಗೆ. "ನಿಮ್ಮ ಅಜ್ಜಿ ಕೈಲಿ ಆಗಲ್ಲ ಅಂದ್ರೆ ಈಗಲೇ ಹೇಳಿ. ಹೊಸ ಗಾಡಿಯವನು ಗೇಟಲ್ಲೇ ಕಾಯ್ತಿದ್ದಾನೆ."

"ಆಗುತ್ತೆ ಸಾರ್," ಎಂದ ಗಂಡ. ಹಾಗೆನ್ನುವಾಗ ಅವನು ಹೆಂಡತಿಯ ಮುಖ ನೋಡಲಿಲ್ಲ.

ಮನೆಗೆ ಬಂದರೆ ನಾದಿನಿ ಬಂದು ಕೂತಿದ್ದಳು. ಗಂಡನ ತಂಗಿ. ಆಸ್ಪತ್ರೆಯಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದಳು. ಪಾಳಿ ಮುಗಿಸಿ ಯೂನಿಫಾರಂ ಕೂಡ ಬದಲಿಸದೆ ನೇರ ಬಂದಿದ್ದಳು. ಅತ್ತೆ ಮಂಚದ ಮೇಲೆ ಕಾಲು ಚಾಚಿಕೊಂಡು ಮಗಳ ಮುಖವನ್ನೇ ನೋಡುತ್ತಿದ್ದಳು.

"ಏನಣ್ಣ, ಇವತ್ತು ಇಳಿಜಾರಲ್ಲಿ ಟ್ರೈಲರ್‌ಗೆ ಡ್ಯಾನ್ಸ್ ಕಲಿಸಿದೆಯಂತೆ?"

ಗಂಡ ಟೀ ಲೋಟ ಬಾಯಿಂದ ಇಳಿಸಿದ. "ಯಾರು ಹೇಳಿದ್ದು?"

"ಚರಂಡಿಗೆ ಹಾರಿದ ಸೈಕಲ್‌ನವನು. ಮೊಣಕೈಗೆ ಪಟ್ಟಿ ಹಾಕಿಸ್ಕೊಳ್ಳೋಕೆ ನಮ್ಮಲ್ಲಿಗೇ ಬಂದಿದ್ದ. ಹಳೇ ಪಿಕಪ್ಪು, ಕೆಮ್ಮುತ್ತೆ, ಒಂದು ಬಾಗಿಲು ಬೇರೆ ಬಣ್ಣ ಅಂದ. ಊರಲ್ಲಿ ಅಂಥ ಸುಂದರಿ ಇನ್ನೊಬ್ಬಳು ಎಲ್ಲಿದ್ದಾಳೆ?"

"ಸೈಕಲ್‌ನವನಿಗೆ ಮದುವೆ ಆಗಿದೆಯಾ?" ಅತ್ತೆ ಕೇಳಿದಳು.

"ಅಮ್ಮಾ!"

"ಕೇಳಿದ್ರೆ ತಪ್ಪೇನೇ? ನೀನಂತೂ ಮಲಗಿಕೊಂಡು ಬರೋರನ್ನ ಬಿಟ್ಟು ಬೇರೆ ಯಾರನ್ನೂ ನೋಡಲ್ಲ."

ತಕ್ಕಡಿಯಕ್ಕನಿಗೆ ನಗು ಬರಲಿಲ್ಲ. "ಗಾಳಿ ಕಣಮ್ಮ. ಇವರೇ ಹೇಳಿದ್ರಲ್ಲ."

ನಾದಿನಿ ಅಣ್ಣನನ್ನು ನೋಡಿದಳು. ಅಣ್ಣ ನೆಲ ನೋಡಿದ. ಆಮೇಲೆ ಅವಳು ಅತ್ತಿಗೆಯತ್ತ ತಿರುಗಿ ಮೆಲ್ಲಗೆ ಕೇಳಿದಳು, "ಅತ್ತಿಗೆ, ದಪ್ಪ ಕಲ್ಲು ಎಲ್ಲಿ ಹೇರ್ತೀರಿ? ಚಕ್ರದ ಮುಂದಕ್ಕಾ, ಹಿಂದಕ್ಕಾ?"

"ಹಿಂದಕ್ಕೇ. ಇನ್ನೆಲ್ಲಿ? ಮುಂದಕ್ಕೆ ಹಾಕಿದ್ರೆ ಅಜ್ಜಿ ಸೊಂಟ ಕುಸಿದು ಹೆಡ್‌ಲೈಟು ಆಕಾಶ ನೋಡುತ್ತೆ. ನಾನು ಹೇರಿದ ಲೋಡಿಗೆ ಇವತ್ತಿನವರೆಗೂ ಯಾರೂ ಬೆರಳು ತೋರಿಸಿಲ್ಲ."

"ಅದೇ ತಪ್ಪು ಅತ್ತಿಗೆ."

ಅತ್ತೆ ಕಾಲು ಮಡಚಿ ನೆಟ್ಟಗೆ ಕೂತಳು. ನಾದಿನಿ ಅತ್ತಿಗೆಯರ ಜಗಳವೆಂದರೆ ಅವಳಿಗೆ ರೇಡಿಯೋ ನಾಟಕ ಕೇಳಿದಷ್ಟು ಖುಷಿ.

"ಬಾಲದ ಕಡೆ ಭಾರ ಕೂತ್ರೆ ಟ್ರೈಲರ್ ಮೂತಿ ಮೇಲಕ್ಕೆ ಏಳುತ್ತೆ," ಎಂದಳು ನಾದಿನಿ. "ಕೊಂಡಿ ಹಗುರ ಆಗುತ್ತೆ. ಕೊಂಡಿ ಹಗುರ ಆದ ಟ್ರೈಲರ್ ಯಾರ ಮಾತೂ ಕೇಳಲ್ಲ. ಸಮ ರಸ್ತೇಲಿ ಸುಮ್ಮನೆ ಬರುತ್ತೆ, ನಮಗೂ ಗೊತ್ತಾಗಲ್ಲ. ಇಳಿಜಾರಲ್ಲಿ ಸ್ವಲ್ಪ ವೇಗ ಸಿಕ್ತಾ, ಆಗ ಬಾಲ ಬೀಸೋಕೆ ಶುರು. ಬೀಸೋದು ಜಾಸ್ತಿಯಾದ್ರೆ ಎಳೆಯೋ ಗಾಡೀನೇ ತಿರುಗಿಸಿ ಒಗೆಯುತ್ತೆ. ನೀವು ಅಜ್ಜಿ ಸೊಂಟದ ಮೇಲಿನ ಭಾರ ತೆಗೆದು ನಮ್ಮಣ್ಣನ ಕತ್ತಿನ ಮೇಲೆ ಇಟ್ಟಿದ್ದೀರಿ."

"ಅಂದ್ರೆ? ನನ್ನ ಗಂಡನ್ನ ನಾನೇ ಸಾಯಿಸೋಕೆ ಹೊರಟಿದ್ದೀನಿ ಅಂತಾನಾ?" ತಕ್ಕಡಿಯಕ್ಕನ ದನಿ ಏರಿತು. "ಆಂಬುಲೆನ್ಸಿಗೆ ಟ್ರೈಲರ್ ಕಟ್ಟಿದ್ದೀಯಾ ನೀನು ಯಾವತ್ತಾದರೂ? ಎಷ್ಟು ವರ್ಷದಿಂದ ಹೇರ್ತಿದ್ದೀನಿ ನಾನು! ಅಜ್ಜಿ ಇದರ ಎರಡರಷ್ಟು ಎಳೆಯುತ್ತೆ, ಏರಲ್ಲಿ ಬಂದು ನೋಡು!"

"ಎಳೆಯುತ್ತೆ, ಒಪ್ಪಿದೆ. ಹಳೇ ಡೀಸೆಲ್ ಎಂಜಿನ್ ಬೆಟ್ಟಾನೇ ಎಳೆಯುತ್ತೆ. ಆದ್ರೆ ಎಳೆಯೋದು ಬೇರೆ, ನಿಲ್ಲಿಸೋದು ಬೇರೆ ಅತ್ತಿಗೆ. ಎಳೆಯೋದು ಎಂಜಿನ್ನು. ನಿಲ್ಲಿಸೋದು ಬ್ರೇಕು. ಆ ಬ್ರೇಕಿಗೆ ಎಷ್ಟು ವಯಸ್ಸಾಯ್ತು ಅಂತ ಯಾರಾದ್ರೂ ಕೇಳಿದ್ದೀರಾ?"

"ಇವರು ಡ್ರೈವರು. ಇವರಿಗಿಂತ ನಿನಗೆ ಗೊತ್ತಾ?"

ಆಗ ಗಂಡ ಲೋಟ ಕೆಳಗಿಟ್ಟ.

"ಗಾಳಿ ಅಲ್ಲ," ಎಂದ.

ತಕ್ಕಡಿಯಕ್ಕ ಅವನತ್ತ ತಿರುಗಿದಳು.

"ತಿರುವು ದಾಟಿದ ಮೇಲೆ ಹಿಂದಿನಿಂದ ಯಾರೋ ಹಿಡಿದು ಜಗ್ಗಿದ ಹಾಗಾಯ್ತು. ಬ್ರೇಕ್ ಒತ್ತಿದೆ. ಇನ್ನೂ ಜಾಸ್ತಿಯಾಯ್ತು. ಮತ್ತೆ ಒತ್ತಿದೆ. ಕೊನೆಕೊನೆಗೆ ಪೆಡಲ್ ಮೆತ್ತಗೆ ಒಳಗೆ ಹೋಯ್ತು. ಕೆಳಗೆ ರಸ್ತೆ ಸಮ ಆಯ್ತು, ಅದಕ್ಕೆ ನಿಂತಿತು. ನಾನು ನಿಲ್ಲಿಸಿದ್ದಲ್ಲ ಕಣೇ."

ಮದುವೆಯಾದಾಗಿನಿಂದ ಇವನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ನಾಳೆಯ ಲೋಡು ಇವತ್ತಿನದಕ್ಕಿಂತ ದೊಡ್ಡದು. ಅದೇ ಇಳಿಜಾರು, ಅದೇ ಬ್ರೇಕು. ಇವನು "ಆಗುತ್ತೆ ಸಾರ್" ಅಂದುಬಿಟ್ಟಿದ್ದಾನೆ.

"ಟ್ರೈಲರ್‌ಗೇ ಒಂದು ಬ್ರೇಕ್ ಇರುತ್ತಲ್ಲ ಅಣ್ಣ? ಅದು ಕೆಲಸ ಮಾಡ್ತಿದೆಯಾ?" ನಾದಿನಿ ಕೇಳಿದಳು.

ಅವನು ಕತ್ತು ಕೆರೆದುಕೊಂಡ. "ಟ್ರೈಲರ್ ಮುಂದಕ್ಕೆ ತಳ್ಳಿದ್ರೆ ಹಿಡಿಯೋ ಬ್ರೇಕು ಅದು, ರಿವರ್ಸ್ ತಗೊಳ್ಳುವಾಗ್ಲೂ ಹಿಡ್ಕೊಂಡುಬಿಡುತ್ತೆ. ಸೈಟಲ್ಲಿ ಎಲ್ಲರೂ ಬೈತಾರೆ. ಅದಕ್ಕೆ ಯಾರ್ಡಿನವರೇ ತಂತಿ ಸುತ್ತಿ ಕಟ್ಟಿಹಾಕಿದ್ದಾರೆ. ನಂದೊಂದೇ ಅಲ್ಲ. ಅಲ್ಲಿರೋ ಟ್ರೈಲರ್ ಎಲ್ಲಾ ಹಾಗೇ."

"ಎಲ್ಲಾ?" ನಾದಿನಿ ಎದ್ದು ನಿಂತಳು. ಇಷ್ಟು ಹೊತ್ತು ತಮಾಷೆ ಮಾಡುತ್ತಿದ್ದ ಮುಖ ಅದಲ್ಲ. "ಇಷ್ಟು ಕಲ್ಲಿಗೆ ಈ ಹಳೇ ಪಿಕಪ್ಪಿನ ಬ್ರೇಕ್ ಒಂದೇ ಗತಿಯಾ? ಅಣ್ಣ, ಆ ಇಳಿಜಾರಿಂದ ನಾನು ಎಷ್ಟು ಜನರನ್ನ ಎತ್ಕೊಂಡು ಹೋಗಿದ್ದೀನಿ ಗೊತ್ತಾ? ಪ್ರತಿ ಸಲ ವಿಚಾರಣೆಗೆ ಬರೋರು ಒಂದೇ ಪ್ರಶ್ನೆ ಕೇಳ್ತಾರೆ, ಓಡಿಸಿದ್ದು ಯಾರು ಅಂತ. ಹೇರಿಸಿದ್ದು ಯಾರು ಅಂತ ಒಬ್ಬರೂ ಕೇಳಲ್ಲ. ಡ್ರೈವರ್ ಅಜಾಗರೂಕತೆ ಅಂತ ಬರೆದು ಎಲ್ಲರೂ ಕೈ ತೊಳ್ಕೊಳ್ತಾರೆ. ಯಾರ್ಡಿನವನು ಮಾರನೇ ದಿನ ಇನ್ನೊಬ್ಬ ಡ್ರೈವರ್‌ನ ಕರೀತಾನೆ."

ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಳು. ಈಗ ಅದು ನಾಟಕವಾಗಿ ಉಳಿದಿರಲಿಲ್ಲ.

ತಕ್ಕಡಿಯಕ್ಕನಿಗೆ ಮಾತು ತಲೆಗೆ ಹೋಗಿತ್ತು, ಮನಸ್ಸಿಗೆ ಹೋಗಿರಲಿಲ್ಲ. ಕೈಯಾರೆ ಮಾಡಿದ ಕೆಲಸ ಕೈಯಾರೆ ಸುಳ್ಳಾಗುವವರೆಗೆ ಯಾರು ತಾನೇ ಒಪ್ಪುತ್ತಾರೆ? "ಬಾಯಲ್ಲಿ ಯಾರು ಬೇಕಾದ್ರೂ ಹೇಳ್ತಾರೆ. ತೋರಿಸು ನೋಡೋಣ," ಎಂದಳು.

"ತೋರಿಸ್ತೀನಿ. ಬನ್ನಿ."

ಮನೆ ಮುಂದಿನ ಓಣಿ ಸ್ವಲ್ಪ ಇಳಿಜಾರಾಗಿಯೇ ಇತ್ತು. ಬೀದಿಯ ದೀಪ ಹೊತ್ತಲು ಇನ್ನೂ ಹೊತ್ತಿತ್ತು. ಪಕ್ಕದ ಮನೆಯ ಗಾರೆಯವನ ಎರಡು ಚಕ್ರದ ಕೈಗಾಡಿ ಗೋಡೆಗೆ ಒರಗಿತ್ತು. ನಾದಿನಿ ಅದನ್ನು ಎಳೆದು ತಂದು, ಅಲ್ಲೇ ಬಿದ್ದಿದ್ದ ಇಟ್ಟಿಗೆಗಳನ್ನು ಗಾಡಿಯ ಬಾಲಕ್ಕೆ ಪೇರಿಸಿದಳು.

"ಹಿಡೀರಿ ಅತ್ತಿಗೆ. ಎಳೆದುಕೊಂಡು ಕೆಳಗೆ ಬೇಗ ಬೇಗ ಹೋಗಿ. ನಾನು ಪಕ್ಕದಲ್ಲೇ ಇರ್ತೀನಿ."

ತಕ್ಕಡಿಯಕ್ಕ ಹಿಡಿ ಹಿಡಿದಳು. ಹಿಡಿದ ಕೂಡಲೇ ಹಿಡಿ ಅವಳ ಅಂಗೈಯಿಂದ ಮೇಲಕ್ಕೆ ಎದ್ದುಹೋಗಲು ನೋಡಿತು. ಅದನ್ನು ಒತ್ತಿ ಹಿಡಿದು ನಡೆದಳು, ಹೆಜ್ಜೆ ಜೋರು ಮಾಡಿದಳು. ಗಾಡಿ ಹಿಂದಿನಿಂದ ತಳ್ಳಿತು, ಎಡಕ್ಕೆ ಎಳೆಯಿತು. ಇವಳು ಬಲಕ್ಕೆ ಜಗ್ಗಿದಳು, ಅದು ಇನ್ನೂ ಜೋರಾಗಿ ಬಲಕ್ಕೆ ಬಂತು. ನಿಲ್ಲಿಸಲು ಹೋದರೆ ಗಾಡಿ ಇಡಿಯಾಗಿ ಅಡ್ಡ ತಿರುಗಿ ಅವಳನ್ನು ಗೋಡೆಗೆ ಒತ್ತಿತು. ಇಟ್ಟಿಗೆಗಳು ದಡದಡ ಉರುಳಿದವು.

"ಅಯ್ಯೋ ನನ್ನ ಗಾಡಿ!" ಗಾರೆಯವನು ಕಿಟಕಿಯಿಂದ ಕೂಗಿದ.

"ನಿನ್ನ ಗಾಡಿ ಚೆನ್ನಾಗಿದೆ ಕಣಪ್ಪ, ನಮ್ಮ ಸೊಸೆ ನೋಡು," ಎಂದಳು ಬಾಗಿಲಲ್ಲಿ ನಿಂತ ಅತ್ತೆ.

ನಾದಿನಿ ಅದೇ ಇಟ್ಟಿಗೆಗಳನ್ನು ಮತ್ತೆ ಹೇರಿದಳು. ಈ ಸಲ ಹೆಚ್ಚಿನವನ್ನು ಚಕ್ರಕ್ಕಿಂತ ಸ್ವಲ್ಪ ಮುಂದಕ್ಕೆ, ಕಡಿಮೆಯವನ್ನು ಹಿಂದಕ್ಕೆ. ಹಿಡಿ ಅಂಗೈಯ ಮೇಲೆ ತೂಕವಾಗಿ ಕೂತಿತು. ತಕ್ಕಡಿಯಕ್ಕ ಮತ್ತೆ ಎಳೆದಳು. ಓಣಿಯ ಕೊನೆಯವರೆಗೂ ಗಾಡಿ ಅವಳ ಹೆಜ್ಜೆಯ ಹಿಂದೆಯೇ ಬಂತು. ಎತ್ತ ತಿರುಗಿದರೆ ಅತ್ತ.

ಓಣಿಯ ಕೊನೆಯಲ್ಲಿ ಅವಳು ಹಿಡಿ ಬಿಡದೆ ನಿಂತುಕೊಂಡಳು. ಕಣ್ಣು ತುಂಬಿತ್ತು. "ಎಷ್ಟು ದಿನ ಹೀಗೇ ಕಳಿಸಿದ್ದೀನಲ್ಲೇ ಇವರನ್ನ..."

"ಅತ್ತಿಗೆ, ನಿಮಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ಹೇಳಲಿಲ್ಲ. ಅವರಿಗೆ ಗಾಡಿ ನೆಟ್ಟಗೆ ಕಂಡ್ರೆ ಸಾಕಿತ್ತು."

"ಮುಂದಕ್ಕೆ ಹೇರಿದ್ರೆ ಅಜ್ಜಿ ಕುಸಿಯುತ್ತಲ್ಲ? ಅದಕ್ಕೇನು ಮಾಡ್ಲಿ?"

"ಕುಸಿದ್ರೆ ಭಾರ ಜಾಸ್ತಿ ಆಯ್ತು ಅಂತ ಅರ್ಥ. ಸ್ಪ್ರಿಂಗು ರಿಪೇರಿ ಆಗಬೇಕು. ಅಲ್ಲೀವರೆಗೂ ಕಡಿಮೆ ಹೇರಬೇಕು. ಒಟ್ಟು ಭಾರದಲ್ಲಿ ಹತ್ತರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು ಕೊಂಡಿ ಮೇಲೆ ಕೂರಬೇಕು. ಅಷ್ಟನ್ನ ತಡ್ಕೊಳ್ಳೋಕೆ ಗಾಡಿಗೆ ಆಗಲ್ಲ ಅಂದ್ರೆ, ಆ ಲೋಡೇ ಆ ಗಾಡೀದಲ್ಲ."

ಗಂಡ ಓಣಿಯ ಮೇಲುಗಡೆಯಿಂದ ಇಳಿದು ಬಂದ. "ಒಂದೇ ಟ್ರಿಪ್ಪು ಅಂದಿದ್ದಾರಲ್ಲ. ಬೇಡ ಅಂದ್ರೆ ಕೆಲಸ ಹೋಗುತ್ತೆ."

ತಕ್ಕಡಿಯಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೇರೋದು ಯಾರು? ಅವನಾ, ನಾನಾ?"

ಬೆಳಿಗ್ಗೆ ಯಾರ್ಡಿನಲ್ಲಿ ಕಲ್ಲು ಕೊಯ್ಯುವ ಗರಗಸದ ಸದ್ದು ಶುರುವಾಗುವ ಮೊದಲೇ ಗಂಡ ಹೆಂಡತಿ ಬಂದರು. ಗಂಡ ಟ್ರೈಲರಿನ ಕೆಳಗೆ ಮಲಗಿ ಬ್ರೇಕಿಗೆ ಸುತ್ತಿದ್ದ ತಂತಿ ಕತ್ತರಿಸಿದ. ತುಕ್ಕು ಹಿಡಿದಿದ್ದ ಕೀಲಿಗೆ ಎಣ್ಣೆ ಬಿಟ್ಟ. ಯಾರ್ಡಿನ ಮೆಕ್ಯಾನಿಕ್ಕನನ್ನು ಕರೆದು ತಂದು ಟ್ರೈಲರಿನ ಬ್ರೇಕ್ ಹಿಡಿಯುತ್ತದೆಯೇ, ಅಜ್ಜಿಯ ಬ್ರೇಕಿನ ಪಟ್ಟಿಗಳು ಉಳಿದಿವೆಯೇ ಎಂದು ನೋಡಿಸಿದ. ಪಟ್ಟಿಗಳು ಸವೆದು ತಗಡಾಗಿದ್ದವು, ಬ್ರೇಕ್ ಎಣ್ಣೆ ಕಪ್ಪು ಕಷಾಯವಾಗಿತ್ತು. ಎರಡನ್ನೂ ಬದಲಿಸಿದರು. ರಿವರ್ಸ್ ತೆಗೆಯುವಾಗ ಟ್ರೈಲರ್ ಬ್ರೇಕ್ ಹಿಡಿಯದಂತೆ ತಡೆಯುವ ಒಂದು ಚಿಕ್ಕ ಹಿಡಿಕೆ ಕೊಂಡಿಯ ಪಕ್ಕದಲ್ಲೇ ಇತ್ತು, ಮಣ್ಣು ಮೆತ್ತಿ ಕಣ್ಣಿಗೆ ಬೀಳದಂತಾಗಿತ್ತು. ರಿವರ್ಸಿಗೆ ಮೊದಲು ಯಾರಾದರೂ ಇಳಿದು ಅದನ್ನು ಎತ್ತಬೇಕು, ಆಮೇಲೆ ಮರೆಯದೆ ಇಳಿಸಬೇಕು. ಅಷ್ಟು ಸಣ್ಣ ಕೆಲಸಕ್ಕೆ ಸೋಮಾರಿತನ ಮಾಡಿ ಇಡೀ ಯಾರ್ಡು ಬ್ರೇಕನ್ನೇ ಕಟ್ಟಿಹಾಕಿತ್ತು.

"ಅದು ನನ್ನ ಕೆಲಸ. ನಾನು ಜೊತೆಗೆ ಬರ್ತೀನಿ," ಎಂದಳು ತಕ್ಕಡಿಯಕ್ಕ.

ಹೇರುವುದು ಶುರುವಾಯಿತು. ದಪ್ಪ ಮೆಟ್ಟಿಲ ಕಲ್ಲುಗಳು ಚಕ್ರದ ಮೇಲೆ, ಚಕ್ರಕ್ಕಿಂತ ಸ್ವಲ್ಪ ಮುಂದೆ ಕೂತವು. ಅಜ್ಜಿಯ ಹಿಂಭಾಗ ತುಸು ಬಗ್ಗಿತು. ಇನ್ನೂ ನಾಲ್ಕು ಬಂದವು. ಇನ್ನಷ್ಟು ಬಗ್ಗಿತು. ಅರ್ಧ ರಾಶಿ ಖಾಲಿಯಾಗುವ ಹೊತ್ತಿಗೆ ತಕ್ಕಡಿಯಕ್ಕ ಮುಂದಿನ ಚಪ್ಪಡಿಯ ಮೇಲೆ ಅಂಗೈ ಇಟ್ಟಳು.

"ಸಾಕು."

ಹೆಂಗಸರು ಕಲ್ಲು ಕೆಳಗಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡರು.

"ಏನು ಸಾಕು?" ಸೂಪರ್‌ವೈಸರ್ ನೆರಳಿನಿಂದ ಎದ್ದು ಬಂದ. "ಪೂರ್ತಿ ಅಂದಿದ್ದೀನಲ್ಲ? ಅರ್ಧ ಕಲ್ಲು ಇಲ್ಲೇ ಇದೆ."

"ಉಳಿದದ್ದು ಎರಡನೇ ಟ್ರಿಪ್ಪಿಗೆ."

"ಮೆಟ್ಟಿಲ ಕಲ್ಲಿಗೆ ಅಲ್ಲಿ ಬಾಯಿ ಬಾಯಿ ಬಿಡ್ತಿದ್ದಾರೆ. ನಿಮಗೆ ಆಗಲ್ಲ ಅಂದ್ರೆ ಹೊಸ ಗಾಡಿಯವನನ್ನ ಕರೀತೀನಿ."

"ಕರೀರಿ ಸಾರ್. ಅವನ ಗಾಡೀಗೂ ಹೇರೋದು ನಾವೇ. ಗಾಡಿ ತಡೆಯೋಷ್ಟೇ ಹೇರ್ತೀವಿ, ಟ್ರೈಲರ್ ಬ್ರೇಕಿನ ತಂತಿ ಬಿಚ್ಚಿದ್ರೆ ಮಾತ್ರ ಹೇರ್ತೀವಿ."

ಸೂಪರ್‌ವೈಸರ್ ಮುಖ ಕೆಂಪಾಯಿತು. "ಇಷ್ಟು ವರ್ಷ ಇಲ್ಲದ್ದು ಇವತ್ತೇನು ಹೊಸದಾಗಿ? ನಿನ್ನ ಗಂಡನಿಗೆ ಭಯ ಅಂತ ಹೇಳು."

"ಹೌದು, ಭಯ," ಎಂದ ಗಂಡ. ಎಲ್ಲರೆದುರು, ಗಟ್ಟಿಯಾಗಿ. "ನಿನ್ನೆ ಆ ಇಳಿಜಾರಲ್ಲಿ ನನ್ನ ಬ್ರೇಕು ಕೈಕೊಟ್ಟಿತ್ತು ಸಾರ್."

ಆ ಮಾತಿಗೆ ಗರಗಸದವನೂ ಯಂತ್ರ ನಿಲ್ಲಿಸಿದ.

"ಒಂದು ಕೆಲಸ ಮಾಡೋಣ ಸಾರ್," ಎಂದಳು ತಕ್ಕಡಿಯಕ್ಕ. "ಪೂರ್ತಿ ಹೇರ್ತೀವಿ. ಮೊದಲಿನ ಹಾಗೆ ಬಾಲಕ್ಕೇ ಹೇರ್ತೀವಿ, ಗಾಡಿ ನೆಟ್ಟಗೆ ಕಾಣೋ ಹಾಗೆ. ನೀವು ಇವರ ಪಕ್ಕದಲ್ಲಿ ಕೂತ್ಕೊಂಡು ಇಳಿಜಾರು ಇಳೀರಿ. ಬಾಗಿಲು ನಾನೇ ಹಾಕ್ತೀನಿ."

ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು. ಇನ್ನೊಬ್ಬಳು ಪಿಕಪ್ಪಿನ ಬಾಗಿಲನ್ನು ತೆರೆದೇಬಿಟ್ಟಳು. "ಬನ್ನಿ ಸಾರ್, ಸೀಟು ಒರೆಸಿದ್ದೀನಿ."

ಸೂಪರ್‌ವೈಸರ್ ತೆರೆದ ಬಾಗಿಲು ನೋಡಿದ. ಕಲ್ಲಿನ ರಾಶಿ ನೋಡಿದ. ಸೀಟಿನತ್ತ ಒಂದು ಹೆಜ್ಜೆ ಕೂಡ ಇಡಲಿಲ್ಲ. ಅಷ್ಟರಲ್ಲಿ ಸಾಲಿನಲ್ಲಿ ಹಿಂದೆ ನಿಂತಿದ್ದ ಗಾಡಿಯ ಡ್ರೈವರ್ ತನ್ನ ಎಂಜಿನ್ ಆರಿಸಿ ಕೆಳಗಿಳಿದ. ಅವನ ಹಿಂದಿನವನೂ ಇಳಿದ. ಇಬ್ಬರೂ ತಮ್ಮ ತಮ್ಮ ಟ್ರೈಲರಿನ ಕೆಳಗೆ ಬಗ್ಗಿ ತಂತಿ ಬಿಚ್ಚತೊಡಗಿದರು.

"ಮಧ್ಯಾಹ್ನದೊಳಗೆ ಎರಡೂ ಮುಟ್ಟದಿದ್ರೆ ನಾಳೆಯಿಂದ ಗೇಟಿಗೆ ಬರಬೇಡಿ," ಎಂದು ಕೂಗಿ ಸೂಪರ್‌ವೈಸರ್ ನೆರಳಿಗೆ ಹಿಂತಿರುಗಿದ.

ಹೊರಡುವ ಮೊದಲು ಗಂಡ ಹೆಂಡತಿ ಗಾಡಿಯ ಸುತ್ತ ಒಂದು ಸುತ್ತು ಬಂದರು. ಕೊಂಡಿಯ ಪಿನ್ನು ಬಿದ್ದಿದೆಯೇ, ಕೊಂಡಿಯ ಕೆಳಗೆ ಎರಡು ಸರಪಳಿ ಅಡ್ಡಡ್ಡ ಹಾಕಿದೆಯೇ, ಟ್ರೈಲರಿನ ದೀಪ ಹೊತ್ತುತ್ತದೆಯೇ, ಟಯರಿಗೆ ಗಾಳಿ ಸಾಕೇ, ಹಗ್ಗ ಬಿಗಿಯಾಗಿದೆಯೇ. ಟ್ರೈಲರಿನ ಮೇಲೆ ಹತ್ತಿ ಕೂರಲು ಬಂದ ಇಬ್ಬರು ಹೆಂಗಸರನ್ನು ತಕ್ಕಡಿಯಕ್ಕ ಕೈಹಿಡಿದು ಇಳಿಸಿದಳು. "ನೀವೇನು ಕಲ್ಲಾ? ಬೇರೆ ಗಾಡೀಲಿ ಬನ್ನಿ."

ಇಳಿಜಾರು ಶುರುವಾಗುವ ಮೊದಲೇ, ರಸ್ತೆ ಇನ್ನೂ ಸಮವಾಗಿರುವಾಗಲೇ, ಅವನು ವೇಗ ಇಳಿಸಿ ಗೇರ್ ಕೆಳಕ್ಕೆ ಹಾಕಿದ. ಅಜ್ಜಿ ಗುರ್ರೆಂದಳು. ಎಂಜಿನ್ನೇ ಗಾಡಿಯನ್ನು ಅಷ್ಟಿಷ್ಟು ಹಿಡಿದುಕೊಂಡಿತು. ವೇಗ ಏರಿತು ಅನ್ನಿಸಿದಾಗ ಅವನು ಬ್ರೇಕನ್ನು ಒಮ್ಮೆ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಟ್ಟ. ಕಾಲನ್ನು ಪೆಡಲ್ ಮೇಲೆಯೇ ಇಟ್ಟುಕೊಂಡು ಬರಲಿಲ್ಲ. ಹಿಂದೆ ಟ್ರೈಲರಿನ ಬ್ರೇಕೂ ತನ್ನ ಪಾಲಿನ ಭಾರ ಹಿಡಿಯಿತು. ತಿರುವಿನಲ್ಲಿ ತಕ್ಕಡಿಯಕ್ಕ ಕನ್ನಡಿ ನೋಡಿದಳು.

"ಬಾಲ ಬೀಸಿದ್ರೆ ಏನ್ಮಾಡ್ತೀರಿ?"

"ನಿನ್ನ ನಾದಿನಿ ಹೇಳಿದ್ದಾಳಲ್ಲ. ಪಿಕಪ್ಪಿನ ಬ್ರೇಕ್ ಜಡಿಯಬಾರದು, ಸ್ಟಿಯರಿಂಗ್ ಆ ಕಡೆ ಈ ಕಡೆ ತಿರುವಬಾರದು. ಆಕ್ಸಲರೇಟರ್ ಬಿಟ್ಟು, ನೆಟ್ಟಗೆ ಹಿಡಿದು, ತಾನಾಗೇ ವೇಗ ಇಳಿಯೋಕೆ ಬಿಡಬೇಕು. ಆಮೇಲೆ ಪಕ್ಕಕ್ಕೆ ನಿಲ್ಲಿಸಿ ಲೋಡು ಸರಿ ಮಾಡಬೇಕು."

"ಬೀಸ್ತಿಲ್ಲ ರೀ."

"ಗೊತ್ತು. ಹಿಂದೆ ಟ್ರೈಲರ್ ಇದೆಯೋ ಇಲ್ಲವೋ ಅಂತ ನಾನೂ ಎರಡು ಸಲ ನೋಡಿದೆ."

ಅವನು ನಕ್ಕ. ಸ್ಟಿಯರಿಂಗ್ ಮೇಲಿನ ಕೈ ಸಡಿಲವಾಗಿತ್ತು.

ದೊಡ್ಡ ಕಟ್ಟಡದ ಬಳಿ ಬಂದರೆ ಅಲ್ಲಿ ಯಾರೂ ಬಾಯಿ ಬಾಯಿ ಬಿಡುತ್ತಿರಲಿಲ್ಲ. ಮೆಟ್ಟಿಲು ಕೂರಿಸುವ ಮೇಸ್ತ್ರಿ ಸಿಮೆಂಟ್ ಚೀಲದ ಮೇಲೆ ಕೂತು ಟೀ ಕುಡಿಯುತ್ತಿದ್ದ.

"ಇಷ್ಟೇ ತಂದಿರಾ?" ಎಂದ.

ತಕ್ಕಡಿಯಕ್ಕ ಹಗ್ಗ ಬಿಚ್ಚುವುದನ್ನು ನಿಲ್ಲಿಸಿದಳು. "ಉಳಿದದ್ದು ಈಗಲೇ ಹೋಗಿ ತರ್ತೀವಣ್ಣ."

"ಅಯ್ಯೋ, ಒಳ್ಳೇದೇ ಆಯ್ತು ತಾಯಿ! ಒಂದೇ ಸಲ ತಂದು ಸುರಿದಿದ್ರೆ ನಾನು ಎಲ್ಲಿ ಇಡ್ತಿದ್ದೆ? ಜಾಗ ಎಲ್ಲಿದೆ ನೋಡು. ಕೆಳಗಿನ ಮೆಟ್ಟಿಲು ಕೂರಿಸದೆ ಮೇಲಿನದಕ್ಕೆ ಕೈ ಹಾಕೋಕಾಗುತ್ತಾ? ನಿಧಾನಕ್ಕೆ ತನ್ನಿ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಗಾದರೆ ಅವಸರ ಯಾರದ್ದಾಗಿತ್ತು? ಕಟ್ಟುವವನದ್ದಲ್ಲ, ಹೊರುವವರದ್ದಲ್ಲ, ಓಡಿಸುವವನದ್ದಂತೂ ಅಲ್ಲವೇ ಅಲ್ಲ. ನೆರಳಲ್ಲಿ ಕೂತು, ಒಂದು ಟ್ರಿಪ್ಪಿನ ಡೀಸೆಲ್ ಉಳಿಸಲು ಹೊರಟವನ ಅವಸರ ಅದು. ಅದಕ್ಕೊಂದು ಜೀವ ಅಡವಿಡಲು ಅವನಿಗೆ ಯಾರೂ ಅಧಿಕಾರ ಕೊಟ್ಟಿರಲಿಲ್ಲ. ಇವರು ಸುಮ್ಮನಿದ್ದರು, ಅವನು ತೆಗೆದುಕೊಂಡಿದ್ದ.

ಎರಡನೇ ಟ್ರಿಪ್ಪು ಮುಟ್ಟುವಾಗ ಮಧ್ಯಾಹ್ನ ಸ್ವಲ್ಪ ದಾಟಿಯೇ ಇತ್ತು. ಒಂದು ಕಲ್ಲಿನ ಮೂಲೆಯೂ ಒಡೆದಿರಲಿಲ್ಲ. ಸೂಪರ್‌ವೈಸರ್ ಫೋನಿನಲ್ಲಿ ಕೂಗಾಡಲು ಶುರು ಮಾಡಿದಾಗ ಮೇಸ್ತ್ರಿ ಫೋನ್ ಇಸಿದುಕೊಂಡು, "ನಾಳೆಯೂ ಇವರನ್ನೇ ಕಳಿಸಿ, ಹೀಗೇ ಅರ್ಧರ್ಧ," ಎಂದ. ಮಾರನೆಯ ದಿನ ಗೇಟು ತೆರೆದೇ ಇತ್ತು. ಸಾಲಿನಲ್ಲಿದ್ದ ಯಾವ ಟ್ರೈಲರಿಗೂ ತಂತಿ ಸುತ್ತಿರಲಿಲ್ಲ. ತಕ್ಕಡಿಯಕ್ಕನ ಗುಂಪಿನ ಹೆಂಗಸರು ಬಂದ ಬಂದ ಡ್ರೈವರುಗಳನ್ನೆಲ್ಲ ನಿಲ್ಲಿಸಿ, ಬ್ರೇಕ್ ತೋರಿಸಿದ ಮೇಲೆಯೇ ಕಲ್ಲಿಗೆ ಕೈ ಹಾಕುತ್ತಿದ್ದರು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಒಂದು ಹಳೆಯ ಗಾಡಿ ಇರಬಹುದು. ನಿಮ್ಮ ಗಂಡನೋ ಮಗಳೋ ತಮ್ಮನೋ ಅದರ ಹಿಂದೆ ಭಾರ ಕಟ್ಟಿಕೊಂಡು ರಸ್ತೆಗಿಳಿಯುತ್ತಿರಬಹುದು. ಗಾಡಿ ಎಷ್ಟು ಎಳೆಯುತ್ತದೆ ಎಂದು ಹೆಮ್ಮೆಪಡುವ ಮೊದಲು, ಅಷ್ಟನ್ನು ನಿಲ್ಲಿಸುತ್ತದೆಯೇ ಎಂದು ಕೇಳಿ. ಗಾಡಿಯ ಬಾಗಿಲಿನ ಒಳಗೆ, ಟ್ರೈಲರಿನ ಮೂತಿಯ ಮೇಲೆ, ಎಷ್ಟು ಭಾರ ತಡೆಯುತ್ತದೆ ಎಂದು ಬರೆದ ಪಟ್ಟಿ ಇರುತ್ತದೆ. ಓದಿ, ಓದಲು ಬಾರದಿದ್ದರೆ ಓದಿಸಿ. ಅದು ಹೊಸ ಗಾಡಿಗೆ ಬರೆದದ್ದು. ಹಳೆಯದಕ್ಕೆ ಇನ್ನೂ ಕಡಿಮೆಯೇ ಹೇರಿ. ಲೋಡು ಕೊಡುವವರನ್ನು ತೂಕ ಕೇಳಿ, ಕಣ್ಣಂದಾಜು ಒಪ್ಪಬೇಡಿ. ಭಾರವನ್ನು ಬಾಲಕ್ಕೆ ಹೇರಬೇಡಿ. ಟ್ರೈಲರಿನ ಬ್ರೇಕನ್ನು ಯಾರಾದರೂ ಕಟ್ಟಿಹಾಕಿದ್ದರೆ ಇವತ್ತೇ ಬಿಚ್ಚಿಸಿ. ಏರಿನಲ್ಲಿ ಎಂಜಿನ್ ಕಾದರೆ ಪಕ್ಕಕ್ಕೆ ನಿಲ್ಲಿಸಿ ತಣಿಯಲು ಬಿಡಿ, ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ. ಇಳಿಜಾರಿಗೆ ಮೊದಲೇ ಗೇರ್ ಇಳಿಸಿ.

ಇಷ್ಟನ್ನು ನೀವೊಬ್ಬರೇ ಕೇಳಿದರೆ ನಿಮ್ಮನ್ನು ಗೇಟಿನಾಚೆ ಕಳಿಸುತ್ತಾರೆ. ಹೇರುವವರು, ಓಡಿಸುವವರು, ಇಳಿಸುವವರು ಸೇರಿ ಕೇಳಿ. ಅವಸರ ಮಾಡುವವರು ಕೂಗಲಿ ಬಿಡಿ. ಕೂಗುವವರು ಯಾರೂ ನಿಮ್ಮ ಪಕ್ಕದ ಸೀಟಿನಲ್ಲಿ ಕೂತು ಆ ರಸ್ತೆ ಇಳಿಯುವುದಿಲ್ಲ.